ಮೆಡಿಕಲ್ ಸ್ಟೋರಿನ ಕತ್ತರಿಯವರಿಗೆ ಒಂದು ಬಹಿರಂಗ ಅರ್ಜಿ

ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರದ ಔಷಧಿ ಅಂಗಡಿಗಳಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕ ದಾರದಲ್ಲಿ ನೇತಾಡುವ ಶ್ರೀ ಕತ್ತರಿಯವರ ಸನ್ನಿಧಾನಕ್ಕೆ,

ನರಸೀಪುರದ ಅರ್ಜಿದಾರ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಭಾನುವಾರ ಬೆಳಿಗ್ಗೆ ಅರ್ಜಿದಾರನ ಹೆಂಡತಿ ಈಳಿಗೆಮಣೆಯಲ್ಲಿ ಕುಂಬಳಕಾಯಿ ಹೆಚ್ಚುವಾಗ ಹೆಬ್ಬೆರಳು ಕುಯ್ದುಕೊಂಡರು. ಮನೆಯಲ್ಲಿ ಔಷಧಿ ಡಬ್ಬಿ ಇದೆ, ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಬ್ಯಾಂಡೇಜೂ ಇಲ್ಲ, ಹತ್ತಿಯೂ ಇಲ್ಲ. ಇದ್ದದ್ದು ಮಾತ್ರೆಯ ತುಂಡುಗಳು, ಎಣಿಸಿದರೆ ಇಪ್ಪತ್ತಮೂರು. ಒಂದರ ಬೆನ್ನಮೇಲೆ ‘ಪ್ಯಾರಾ’ ಎಂದಿದೆ, ‘ಸಿಟಮಾಲ್’ ಅಂಗಡಿಯಲ್ಲೇ ಉಳಿದಿದೆ. ಇನ್ನೊಂದರಲ್ಲಿ ‘ಎಕ್ಸ್‌ಪೈರಿ’ ಎಂಬ ಮಾತಿದೆ, ತಿಂಗಳು ವರ್ಷವಿಲ್ಲ. ಅಷ್ಟರಲ್ಲಿ ಅತ್ತೆಯವರು ಗಾಯಕ್ಕೆ ಕಾಫಿಪುಡಿ ಮೆತ್ತಿ ಮುಗಿಸಿದ್ದರು. ಶುದ್ಧ ನೀರಲ್ಲಿ ತೊಳೆದು, ಒಗೆದ ಬಟ್ಟೆಯಲ್ಲಿ ಹತ್ತು ನಿಮಿಷ ಒತ್ತಿ ಹಿಡಿಯಬೇಕಿತ್ತು. ಆಗ ಹೇಳುವವರು ಯಾರೂ ಇರಲಿಲ್ಲ, ಅರ್ಜಿದಾರ ಡಬ್ಬಿ ಕೆದಕುತ್ತಿದ್ದ.

ಸಂಜೆಯೊಳಗೆ ಹೊಸ ಡಬ್ಬಿ ಕಟ್ಟಿಯೇ ಸಿದ್ಧ ಎಂದು ಪಟ್ಟಿ ಬರೆದ. ಗಾಸು, ಸುರುಳಿ ಬ್ಯಾಂಡೇಜು, ಅಂಟುಪಟ್ಟಿ, ಅಯೋಡಿನ್ ಮುಲಾಮು, ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್, ಜ್ವರದ ಮಾತ್ರೆ, ಚಿಮಟ, ತ್ರಿಕೋನ ಬ್ಯಾಂಡೇಜು. ಕೊನೆಯದಾಗಿ ಒಂದು ಕತ್ತರಿ.

ನರಸೀಪುರದಲ್ಲಿ ಮೂರು ಅಂಗಡಿ ಹತ್ತಿಳಿದು, ಸಿಗದೆ, ಬಸ್ಸು ಹಿಡಿದು ನಂಜನಗೂಡಿಗೆ ಹೋದ. ತ್ರಿಕೋನ ಬ್ಯಾಂಡೇಜು ಅಂದದ್ದಕ್ಕೆ ಅಂಗಡಿಯ ಹುಡುಗ, “ಅದ್ಯಾವ ಕಂಪ್ನಿದು ಸಾರ್?” ಅಂದ. ಮೀಟರ್ ಅಗಲದ ಚೌಕ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಎರಡು ಸಿಗುತ್ತವೆ, ಮುರಿದ ಕೈಗೆ ಜೋಲಿ ಕಟ್ಟಬಹುದು. ಕತ್ತರಿಯವರು ಜನ್ಮದಲ್ಲೊಮ್ಮೆ ಮಾಡಬೇಕಾದ ಕೆಲಸ ಅದು. ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾಡುತ್ತಾರೆ!

ಓಆರ್‌ಎಸ್ ಕೇಳಿದರೆ ಸಿಹಿ ಪಾನೀಯದ ಡಬ್ಬಿ ಮುಂದಿಟ್ಟರು. ಪಾನೀಯಗಳಿಗೆ ಆ ಹೆಸರು ಹಚ್ಚಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲೇ ಹೇಳಿಯಾಗಿದೆ. ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿದರೆ ಮನೆಯಲ್ಲೇ ಆಗುತ್ತದೆ. ಚಮಚವೆಂದರೆ ಟೀ ಚಮಚ, ಸೌಟಲ್ಲ. ಇರಲಿ.

ಜ್ವರದ ಮಾತ್ರೆ ಹತ್ತು ಕೊಡಿ ಎಂದ ಅರ್ಜಿದಾರ. ಮಾತ್ರೆಯ ಸ್ಟ್ರಿಪ್ಪಿನಲ್ಲಿದ್ದದ್ದೇ ಹದಿನೈದು. ಚಕ್! ಹತ್ತು ಇತ್ತ ಬಂದವು, ಐದು ಅತ್ತ ಹೋದವು, ದಿನಾಂಕ ಐದರ ಜೊತೆ ಹೋಯಿತು. ಹದಿನೈದೂ ಕೊಡಿ ಎಂದರೆ, ಹುಡುಗ ಹತ್ತರ ತುಂಡನ್ನಷ್ಟೇ ಕವರಿಗೆ ಹಾಕಿ, “ಹೊಸಾ ಸ್ಟಾಕು ಸಾರ್, ಏನೂ ಆಗಲ್ಲ” ಅಂದ.

ಏನೂ ಆಗಲ್ಲವಂತೆ. ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳ ಔಷಧಿಗೆ 2023ರ ಆಗಸ್ಟ್ 1ರಿಂದ ಕ್ಯೂಆರ್ ಕೋಡ್ ಕಡ್ಡಾಯ. ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ಎಲ್ಲವೂ ಅದರಲ್ಲಿದೆ. ಆ ಕೋಡನ್ನೂ ಕತ್ತರಿಯವರು ನಡುವೆ ಸೀಳಿದರೆ ಮೊಬೈಲು ಏನು ಓದಬೇಕು, ಕವಡೆ ಶಾಸ್ತ್ರವೇ? ನರಸೀಪುರ ಕಾಶಿಗಿಂತ ಒಂದು ಗುಲಗಂಜಿ ಹೆಚ್ಚು ಎನ್ನುತ್ತಾರೆ. ಊರ ದೇವರು ಗುಂಜಾ ನರಸಿಂಹಸ್ವಾಮಿಯ ಕೈಯಲ್ಲೇ ಗುಲಗಂಜಿಯಿದೆ. ಅಂಥ ಊರಿನವನ ಡಬ್ಬಿಯಲ್ಲಿ ಗುಲಗಂಜಿಯಷ್ಟು ದಿನಾಂಕವೂ ಉಳಿದಿಲ್ಲ. ಜ್ವರದಲ್ಲಿ ನರಳುವ ಮಗುವಿಗೆ ನಡುರಾತ್ರಿ ಈ ತುಂಡನ್ನು ಕೊಡುವುದೋ ಬಿಡುವುದೋ? ಆಗ ಕತ್ತರಿಯವರು ದಾರದಲ್ಲಿ ನಿದ್ದೆ ಮಾಡುತ್ತಿರುತ್ತಾರೆ. ನಾಚಿಕೆಯಾಗಬೇಕು.

ನಂಜುಂಡನ ಊರಲ್ಲಿ ನಿಂತು ಇಷ್ಟು ಕೇಳಬೇಕಾಯಿತು. ಪಟ್ಟದಾನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಪಚ್ಚೆಲಿಂಗ ಒಪ್ಪಿಸಿ ‘ಹಕೀಂ ನಂಜುಂಡ’ ಎಂದು ಕರೆದನೆಂಬ ಪ್ರತೀತಿಯ ಊರು. ಆಯುರ್ವೇದ ಔಷಧಿಯ ಸದ್ವೈದ್ಯಶಾಲೆ 1913ರಲ್ಲಿ ಹುಟ್ಟಿದ ಊರು. ಇಲ್ಲಿನ ಗದ್ದೆ, ಕಬ್ಬಿನ ತೋಟದ ಜನಕ್ಕೂ ಕತ್ತರಿಸುವ ಚಪಲವೇ! ಹಾವು ಕಚ್ಚಿದರೆ ಬ್ಲೇಡಿನಲ್ಲಿ ಗೀರುತ್ತಾರೆ, ಟವೆಲಿನಲ್ಲಿ ಬಿಗಿಯುತ್ತಾರೆ. ಎರಡೂ ಕೂಡದು. ಉಂಗುರ, ಬಳೆ ತೆಗೆದು, ಕಚ್ಚಿದ ಕೈಯೋ ಕಾಲೋ ಅಲುಗಾಡದಂತೆ ಮಲಗಿಸಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿದೆ, ಯಾವ ಬಿಸ್ಕತ್ತಿನ ಡಬ್ಬಿಯಲ್ಲೂ ಇಲ್ಲ. ಹಾವುಕಡಿತದ ಪ್ರತಿ ಪ್ರಕರಣವೂ ವರದಿಯಾಗಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಹೇಳಿತು. ಕತ್ತರಿ ಕಡಿತದ ವರದಿ ಕೇಳುವವರಿಲ್ಲ.

ಅರ್ಜಿದಾರನ ಬೇಡಿಕೆ ಒಂದೇ. ಕತ್ತರಿಸಲೇಬೇಕಿದ್ದರೆ ದಿನಾಂಕವಿಲ್ಲದ ತುದಿಯಿಂದ ಶುರುಮಾಡಿ, ದಿನಾಂಕದ ತುಂಡನ್ನು ಕೊನೆಗೆ ಮಾರಬೇಕು. ಅದೂ ಆಗದಿದ್ದರೆ ಗಿರಾಕಿಯ ಪಾಲಿನ ತುಂಡಿನ ಬೆನ್ನಿಗಾದರೂ ಪೆನ್ನಿನಲ್ಲಿ ತಿಂಗಳು ವರ್ಷ ಬರೆಸಬೇಕು. ಅಂಗಡಿಯವರ ಕಿವಿಯ ಮೇಲೆ ಪೆನ್ನು ಇದ್ದೇ ಇರುತ್ತದೆ.

ಪಟ್ಟಿಯ ಕೊನೆಯ ಸಾಮಾನನ್ನೂ ಕೇಳಿದ್ದಾಯಿತು. “ಕತ್ರಿ ಮಾರಾಟಕ್ಕಿಲ್ಲ ಸಾರ್.”

ಇಂತಿ,
ಬಸ್ಸಿನಲ್ಲಿ ನಿಂತೇ ಊರು ಸೇರಿದ ಅರ್ಜಿದಾರ

ತಾ.ಕ.: ಚಿಲ್ಲರೆ ಇಲ್ಲವೆಂದು ಕೊಟ್ಟ ಎರಡು ಅಂಟುಪಟ್ಟಿಯಲ್ಲಿ ಒಂದು ಹೆಂಡತಿಯ ಹೆಬ್ಬೆರಳಿನಲ್ಲಿದೆ. ಇನ್ನೊಂದರ ದಿನಾಂಕ ಓದಲು ಕನ್ನಡಕ ಹಾಕಿಕೊಂಡು ನೋಡಿದರೆ, ಅದರ ಹೊದಿಕೆಯನ್ನೂ ಸರಿಯಾಗಿ ದಿನಾಂಕದ ಮೇಲೇ ಕತ್ತರಿಸಲಾಗಿದೆ.