ಡಿಕ್ಕಿ ಪುರಾಣ

"ಸಾರ್, ಡಿಕ್ಕಿ ತೆಗೀರಿ."

"ನೀನೇನು ಪೊಲೀಸಾ?"

"ಅಲ್ಲ ಸಾರ್, ಸೆಕ್ಯುರಿಟಿ ಏಜೆನ್ಸಿ."

"2024ರ ಜುಲೈನಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ, 40ನೇ ಕಲಂ. ನಿನ್ನ ಕಣ್ಣೆದುರೇ ಯಾರಾದ್ರೂ ಜಾಮೀನುರಹಿತ ಸಂಜ್ಞೇಯ ಅಪರಾಧ ಮಾಡಿದ್ರೆ ಹಿಡೀಬಹುದು. ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಡಿಕ್ಕಿ ಸುದ್ದಿ ಅದರಲ್ಲಿಲ್ಲ."

"ಬೋರ್ಡಲ್ಲಿದೆ ಸಾರ್."

ಇತ್ತು, ಕಂಬದ ಮೇಲೆ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ.

"ಬರೆದದ್ದು ಪಾರ್ಲಿಮೆಂಟಾ?"

"ಮ್ಯಾನೇಜರ್ರು."

ಹಿಂದೆ ಏಳು ಕಾರುಗಳ ಹಾರನ್ನು. ಕಾನೂನು ಅಲ್ಲಿಗೆ ಮುಗಿಯಿತು, ತೆಗೆದೆ. ಮುರಿದ ಛತ್ರಿ, ಸ್ಟೆಪ್ನಿ, ಆಯುಧಪೂಜೆಯ ಒಣಗಿದ ನಿಂಬೆಹಣ್ಣು. ಅರೆಗಳಿಗೆ ಇಣುಕಿ ಧಡ್ಡೆಂದು ಮುಚ್ಚಿದ.

"ಛತ್ರಿ ಕೆಳಗೆ ಬಾಂಬ್ ಇದ್ದಿದ್ರೆ?"

"ಇದ್ದಿದ್ರೆ ನೀವೇ ಹೇಳ್ತಿದ್ರಿ ಬಿಡಿ. ನೋಡಿದ್ರೆ ಗೊತ್ತಾಗುತ್ತೆ, ಒಳ್ಳೇವ್ರು."

"ಮತ್ತೆ ತೆಗೆಸಿದ್ದು?"

"ರಿಜಿಸ್ಟರಲ್ಲಿ ಟಿಕ್ ಹಾಕ್ಬೇಕಲ್ಲ ಸಾರ್."