ಎರಡನೆಯ ಮಗುವಿಗೆ ಸೀಟಿಲ್ಲ

ಜಪಾನಿನ ಅತಿ ದೊಡ್ಡ ಶಿಶುಕಲ್ಯಾಣ ಯೋಜನೆ ಎರಡು ಚಕ್ರದ ಮೇಲೆ ಓಡುತ್ತದೆ. ಅದನ್ನು ಯಾವ ಮಂತ್ರಿಯೂ ಉದ್ಘಾಟಿಸಿಲ್ಲ. ಹೆಸರು ಮಾಮಾಚಾರಿ, ಅಮ್ಮಂದಿರ ಸೈಕಲ್: ಸೀರೆ ಉಟ್ಟವರೂ ಸಲೀಸಾಗಿ ಹತ್ತಬಹುದಾದ ತಗ್ಗು ಚೌಕಟ್ಟು, ಹಿಂಚಕ್ರಕ್ಕೆ ಬಳೆಯಂಥ ಬೀಗ, ಅಲುಗಾಡದ ಜೋಡಿಗಾಲಿನ ಸ್ಟ್ಯಾಂಡು. ಹ್ಯಾಂಡಲಿನ ಬಳಿ ಕಿರಿಯದು, ಕ್ಯಾರಿಯರಿನ ಮೇಲೆ ಹಿರಿಯದು, ಸಿಕ್ಕ ಸಂದಿಯಲ್ಲೆಲ್ಲ ತರಕಾರಿ. ನಡುವೆ ಆಫೀಸಿಗೆ ತಡವಾದ ಅಮ್ಮ.

2005ರಲ್ಲಿ ಅಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.26 ಮಗು ಎಂಬ ಲೆಕ್ಕ ಬಂದಾಗ ಸರ್ಕಾರ ಬೆವತುಹೋಗಿತ್ತು. ಜನನಪ್ರಮಾಣ ನೋಡಿಕೊಳ್ಳಲೆಂದೇ ಸಂಪುಟದಲ್ಲಿ ಮಂತ್ರಿ. ಅಷ್ಟರಲ್ಲಿ, 2008ರಲ್ಲಿ, ಪೊಲೀಸರಿಗೆ ಹಳೆಯ ನಿಯಮವೊಂದು ನೆನಪಾಯಿತು: ಸೈಕಲ್ ಮೇಲೆ ಅಮ್ಮನ ಜೊತೆ ಒಂದೇ ಮಗು, ಎರಡಾದರೆ ಅಪರಾಧ. ಒಂದು ಇಲಾಖೆ ‘ಇನ್ನೊಂದು ಹೆರಮ್ಮಾ’ ಎಂದು ಅಂಗಲಾಚುತ್ತಿದ್ದರೆ, ಪಕ್ಕದ ಇಲಾಖೆ ‘ಹೆತ್ತದ್ದನ್ನು ಇಳಿಸಮ್ಮಾ’ ಎಂದು ಸೀಟಿ ಊದಿತು.

ತಾಯಂದಿರು ಕೆಂಡವಾದರು. ಪೊಲೀಸರು ಕಂಪನಿಗಳ ಕಡೆ ತಿರುಗಿ, ಮೂವರನ್ನು ತಾಳುವ ಸೈಕಲ್ ಮಾಡಿ ಎಂದರು. 2009ರ ಜುಲೈಯಲ್ಲಿ ಅಂಥ ಸೈಕಲ್ಲಿಗೆ ಅಪ್ಪಣೆಯಾಯಿತು. ಅದೇ ಅಮ್ಮ, ಅವೇ ಮಕ್ಕಳು, ಅದೇ ದಾರಿ. ಹೊಸ ಸೈಕಲ್ಲಿನ ಬಿಲ್ಲು ಕಟ್ಟಿದ್ದರಿಂದ ಪಾಪ ಪರಿಹಾರ. ಮೋಟರಿನ ನೆರವಿರುವುದು ಬೇಕೆಂದರೆ ಲಕ್ಷ ಯೆನ್ ಮೀರುತ್ತದೆ. ಗಂಟೆಗೆ 24 ಕಿಲೋಮೀಟರ್ ಮುಟ್ಟಿದರೆ ಆ ಮೋಟರು ನೆರವು ನಿಲ್ಲಿಸಬೇಕೆಂದು ಕಾನೂನು. ಅಮ್ಮ ಎಷ್ಟಕ್ಕೆ ನಿಲ್ಲಿಸಬೇಕೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ.

1970ರ ದಶಕದಲ್ಲಿ ಕಾರು-ಲಾರಿಗಳ ಹಾವಳಿ ಹೆಚ್ಚಿದಾಗ ಸೈಕಲ್ಲನ್ನು ಫುಟ್‌ಪಾತಿಗೆ ಹತ್ತಿಸಿದ್ದು ಇದೇ ಸರ್ಕಾರ. ಸೈಕಲ್ಲಿಗೆ ರಸ್ತೆಯಲ್ಲೊಂದು ಪಥ ಬಿಡುವುದಕ್ಕಿಂತ ಅದು ಅಗ್ಗ. ಒಂದಿಡೀ ತಲೆಮಾರು ಅಲ್ಲೇ ತುಳಿದು ಅಜ್ಜಿಯಾದ ಮೇಲೆ, ಸೈಕಲ್ ವಾಹನವಲ್ಲವೇ, ಕೆಳಗಿಳಿಯಿರಿ ಎಂಬ ಉಪದೇಶ. 2026ರ ಏಪ್ರಿಲ್‌ನಿಂದ ದಂಡದ ನೀಲಿ ಚೀಟಿಯೂ ಬಂತು: ಕೈಯಲ್ಲಿ ಫೋನಿದ್ದರೆ 12,000 ಯೆನ್, ಫುಟ್‌ಪಾತಿನಲ್ಲಿ ಅಪಾಯಕರವಾಗಿ ನುಗ್ಗಿದರೆ 6,000, ಕೊಡೆ ಹಿಡಿದರೆ 5,000. ಒಸಾಕಾದ ಹೆಂಗಸರು ಎಂದೋ ಹ್ಯಾಂಡಲಿಗೇ ಕೊಡೆ ಸಿಕ್ಕಿಸುವ ಕ್ಲ್ಯಾಂಪು ಹಾಕಿಕೊಂಡಿದ್ದಾರೆ. ಕೊಡೆಯನ್ನು ಅವರು ಹಿಡಿದಿಲ್ಲ, ಸೈಕಲ್ ಹಿಡಿದಿದೆ. ಬೇಕಾದರೆ ಅದಕ್ಕೇ ಚೀಟಿ ಕೊಡಿ.

ಪೊಲೀಸರು ಎದೆಗುಂದಬೇಕಿಲ್ಲ. 2024ರಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.15 ಮಗು. ಮಂತ್ರಿಗಳು ಹೀಗೇ ಶ್ರದ್ಧೆಯಿಂದ ದುಡಿದರೆ, ಎರಡನೆಯ ಮಗುವನ್ನು ಕೂರಿಸಿದ ಅಪರಾಧಿಗಾಗಿ ಮುಂದೆ ದುರ್ಬೀನು ಹಾಕಿಕೊಂಡು ಹುಡುಕಬೇಕಾದೀತು.