ಕೊಕ್ಕೆ ಪಂಚಾಯಿತಿ

ಕಂಪ್ಲಿಯ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಬಿದ್ದಿರುವ ಹುಲ್ಲು ಸುತ್ತಲು ಬೇಲರ್ ಕೊಳ್ಳಹೊರಟೆ. ಅದು ಟ್ರ್ಯಾಕ್ಟರಿಗೆ ನೇತಾಡಬೇಕೋ, ಹಿಂದೆ ಉರುಳಿಕೊಂಡು ಬರಬೇಕೋ ಎಂದು ಅಂಗಡಿಯವ ಕೇಳಿದ್ದೇ ತಡ, ಮನೆಯಲ್ಲಿ ಎರಡು ಪಕ್ಷಗಳಾದವು. ಮಾವ ತ್ರೀ ಪಾಯಿಂಟ್ ಲಿಂಕೇಜಿನವರು: ಬದು ಬಂದರೆ ಲಿವರ್ ಎಳೆದರಾಯಿತು, ಯಂತ್ರವೇ ಮೇಲೇಳುತ್ತದೆ. ಆ ಲಿಂಕೇಜನ್ನು ಬಳಕೆಗೆ ತಂದ ಐರ್ಲೆಂಡಿನ ಹ್ಯಾರಿ ಫರ್ಗುಸನ್‌ಗೂ ಇಷ್ಟು ಅಭಿಮಾನ ಇದ್ದಿರಲಾರದು. ತಮ್ಮ ಡ್ರಾಬಾರ್ ಪಿನ್ನಿನವನು. ಭಾರ ಯಂತ್ರದ ಗಾಲಿಗಳ ಮೇಲೇ ಇರಲಿ ಎನ್ನುತ್ತಾನೆ. "ಅಣ್ಣಾ, ನಿಂದು ಸಣ್ಣ ಟ್ರ್ಯಾಕ್ಟರು. ಮುಂದಿನ ಗಾಲಿ ಎದ್ರೆ ಹಂಪಿ ಕಲ್ಲಿನ ರಥದಂಗ ನಿಂತುಬಿಡ್ತದ!" ನಡುವೆ ನಾನು, ಎರಡೂ ಕಡೆ ತಲೆಯಾಡಿಸಿ ಕುತ್ತಿಗೆ ಉಳುಕಿಸಿಕೊಂಡವನು. ಕೊನೆಗೆ ಡ್ರಾಬಾರೇ ಗೆದ್ದಿತು. ನೀವು ಯಾವುದನ್ನೇ ಕೊಳ್ಳಿ, ಟ್ರ್ಯಾಕ್ಟರಿನಿಂದ ಬೇಲರಿಗೆ ಶಕ್ತಿ ಒಯ್ಯುತ್ತ ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒ ಶಾಫ್ಟಿನ ಹತ್ತಿರ ಮಾತ್ರ ಪಂಚೆ ಉಟ್ಟು ಹೋಗಬೇಡಿ.